ಕೈಗೊಂದು ಮಣಿಸರ: ಕರಿಮಣಿಯೋ, ಚನ್ನಪಟ್ಟಣದ್ದೋ, ಅಕೀಕೋ?

ಪುಣೆಯ ನಮ್ಮ ಕನ್ನಡ ಗೆಳತಿಯರಲ್ಲಿ ಯಾರಿಗೆ ಹೊಸ ಕೆಲಸ ಸಿಕ್ಕರೂ, ಯಾರ ಮಕ್ಕಳು ಪರೀಕ್ಷೆಗೆ ಕೂತರೂ, ಒಳ್ಳೆಯದಾಗಲಿ ಅಂತ ಕೈಯಲ್ಲೇ ಪೋಣಿಸಿದ ಮಣಿಸರ ಕೊಡುತ್ತೇವೆ. ಮೂರು ಬಗೆಯನ್ನೂ ನಾನು ಮಳೆಗಾಲ ಸೇರಿಸಿ ದಿನವೂ ಹಾಕಿಕೊಂಡು ನೋಡಿದ್ದೇನೆ.

ಚನ್ನಪಟ್ಟಣದ ಮರದ ಮಣಿ ಬಲು ಹಗುರ. ದಿನವಿಡೀ ಟೈಪ್ ಮಾಡಿದರೂ ಕೈಗೆ ಅಡ್ಡ ಬರುವುದಿಲ್ಲ. ಆಲೆ ಮರ ಲೇತ್‌ನಲ್ಲಿ ತಿರುಗುತ್ತಿರುವಾಗಲೇ ಬಣ್ಣದ ಅರಗು ಒತ್ತುತ್ತಾರೆ, ಉಜ್ಜಿದ ಬಿಸಿಗೆ ಅದು ಕರಗಿ ಮರಕ್ಕೆ ಹಿಡಿಯುತ್ತದೆ. ಊರಿನ ನೆನಪಿಗೆ ಇದಕ್ಕಿಂತ ಚೆಂದದ್ದಿಲ್ಲ. ಆದರೆ ಸ್ಯಾನಿಟೈಸರ್ ಹಚ್ಚುವ ಕೈಗೆ ಬೇಡ. ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ, ಹೊಳಪು ಹೋಗುತ್ತದೆ.

ಗುಜರಾತಿನ ಖಂಭಾತ್‌ನ ಕೆಂಪು ಅಕೀಕ್ ಕಲ್ಲಿನ ಮಣಿ ಗಟ್ಟಿಮುಟ್ಟು, ಸುಲಭಕ್ಕೆ ಗೀರು ಬೀಳುವುದಿಲ್ಲ. ಕಲ್ಲನ್ನು ಕಾಯಿಸಿದಾಗ ಒಳಗಿನ ಕಬ್ಬಿಣದ ಅಂಶದಿಂದ ಆ ಕೆಂಪು ಬರುತ್ತದೆ. ಸಿಂಧೂ ಕಣಿವೆಯ ಜನರೂ ಈ ಕಲ್ಲಿನ ಮಣಿ ಕೊರೆಯುತ್ತಿದ್ದರು. ನೋಡಲು ರಾಜಗಾಂಭೀರ್ಯ, ಹಾಕಿಕೊಂಡರೆ ಭಾರ.

ನನ್ನ ಮನಸ್ಸು ಗೆದ್ದಿದ್ದು ಕರಿಮಣಿ ಮತ್ತು ಬೆಳ್ಳಿಗುಂಡು ಸೇರಿಸಿದ ಸರ. ಮಣಿ ಬೇಕಾದರೆ ಪುಣೆಯ ರವಿವಾರ ಪೇಠೆಯಲ್ಲಿರುವ ಬೋಹ್ರಿ ಆಳಿ ಅನ್ನುವ ಓಣಿಗೆ ಹೋಗಿ, ಎಷ್ಟು ಬೇಕೋ ಅಷ್ಟು ಸಿಗುತ್ತದೆ. ಬೆಳ್ಳಿಗೆ 925 ಗುರುತು ನೋಡಿಕೊಳ್ಳಿ. ಅಂದರೆ ನೂರಕ್ಕೆ 92.5 ಪಾಲು ಬೆಳ್ಳಿ. ಮಳೆಗಾಲದಲ್ಲಿ ಬೆಳ್ಳಿ ಕಪ್ಪಾಗುತ್ತದೆ. ಗಾಳಿಯಲ್ಲಿರುವ ಗಂಧಕದ ಅಂಶ ಅದಕ್ಕೆ ಕಾರಣ. ನಮ್ಮತ್ತೆ ಮಾತ್ರ "ನಿನ್ನ ದೃಷ್ಟಿಯನ್ನೆಲ್ಲ ಅದೇ ಎಳಕೊಂಡಿದೆ ನೋಡು" ಅಂತಾರೆ. ಎರಡನ್ನೂ ಒಪ್ಪಿಕೊಂಡು ಮೆತ್ತನೆ ಬಟ್ಟೆಯಲ್ಲಿ ಒರೆಸಿ ಮತ್ತೆ ಹಾಕಿಕೊಳ್ಳುತ್ತೇನೆ.

ಇದರ ದೊಡ್ಡ ಗುಣ, ದಾರ ಸವೆದರೆ ಮನೆಯಲ್ಲೇ ಮತ್ತೆ ಪೋಣಿಸಬಹುದು. ನನ್ನ ಸರದಲ್ಲಿ ಅಜ್ಜಿಯ ಹರಿದ ಕರಿಮಣಿ ಸರದ ಮಣಿಗಳೂ ಇವೆ. ಸ್ವಲ್ಪ ಸೊಟ್ಟ, ಹೊಳಪೂ ಕಡಿಮೆ. ಕೆಲಸಕ್ಕೆ ಸಂದರ್ಶನ ಕೊಡುವಾಗ ಬೆರಳು ತಾನಾಗಿ ಅಲ್ಲಿಗೇ ಹೋಗುತ್ತಿತ್ತು, ಎದೆ ಹಗುರಾಗುತ್ತಿತ್ತು. ಅದೃಷ್ಟದ ಒಡವೆಯಿಂದ ನಾವು ಬಯಸುವುದು ಅದನ್ನೇ ಅಲ್ವಾ? ಅಂಗಡಿಯ ಹೊಸ ಮಣಿಗೆ ಆ ಶಕ್ತಿ ಬರಲು ವರ್ಷಗಳೇ ಬೇಕು. ಹಾಗಾಗಿ ಕೊಡುವವರು ತಮ್ಮ ಹಳೆಯ ಒಂದೆರಡು ಮಣಿಯನ್ನಾದರೂ ಸೇರಿಸಿ ಕೊಡಿ.

ಹತ್ತಿ ದಾರ ಬೆವರಿಗೆ ಬೇಗ ಹಾಳಾಗುತ್ತದೆ, ನೈಲಾನ್ ಬಳಸಿ. ಮಣಿ ಮಣಿಯ ನಡುವೆ ಗಂಟು ಹಾಕಿದರೆ, ಹರಿದರೂ ಎಲ್ಲ ಚೆಲ್ಲಿಹೋಗುವುದಿಲ್ಲ. ಎಳೆಮಗುವಿನ ಕೈಗೆ ಮಾತ್ರ ಮೂರರಲ್ಲಿ ಯಾವುದೂ ಬೇಡ. ಕಳಚಿದ ಮಣಿ ಬಾಯಿಗೆ ಹೋದರೆ ಉಸಿರು ಕಟ್ಟುತ್ತದೆ. ಬೆಳ್ಳಿಯ ನುಣುಪು ಕಡಗವೇ ಸಾಕು.