ಹೆಡ್‌ಲೈಟ್ ಮಿಟುಕಿದರೆ ಅರ್ತ್ ವೈರೋ, ರಿಲೇಯೋ, ಎಲ್‌ಇಡಿಯೋ? ಮೂರನ್ನೂ ಹಾಕಿ ನೋಡಿದ್ದು

ಮೂಡಿಗೆರೆ ಕಡೆ ಹಳೆಯ ಕಾರು ಇಟ್ಟುಕೊಂಡವರಿಗೆ ಈ ಕಾಟ ಹೊಸದಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಹೆಡ್‌ಲೈಟ್ ಮಿಟುಕಲು ಶುರುವಾಗುತ್ತದೆ. ಗುಂಡಿಗೆ ಇಳಿದಾಗ ಒಮ್ಮೆ, ಡಿಮ್ ಡಿಪ್ ಮಾಡಿದಾಗ ಇನ್ನೊಮ್ಮೆ. ಊರಲ್ಲಿ ವಿಚಾರಿಸಿದರೆ ಮೂರು ಮದ್ದು ಸಿಗುತ್ತವೆ: ಅರ್ತ್ (ಬಲ್ಬಿನಿಂದ ಕರೆಂಟು ಬಾಡಿ ಮೂಲಕ ಬ್ಯಾಟರಿ ಮೈನಸ್ಸಿಗೆ ಮರಳುವ ದಾರಿ) ಸರಿ ಮಾಡು, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ತೆಗೆಯುವ ಸ್ವಿಚ್ಚು) ಕಿಟ್ ಹಾಕು, ಎಲ್ಲ ಕಿತ್ತು ಎಲ್‌ಇಡಿ ಹಾಕು. ಒಂದೇ ಕಾರಿನಲ್ಲಿ ಮೂರನ್ನೂ ನೋಡಿದ್ದರಿಂದ ಹೋಲಿಸಿ ಹೇಳಬಹುದು ಅನ್ನಿಸಿತು. ಕಾರಿನಲ್ಲಿರುವುದು ಎಚ್4 ಹ್ಯಾಲೊಜೆನ್ ಬಲ್ಬು, ಬ್ರೈಟಿಗೆ 60, ಡಿಮ್ಮಿಗೆ 55 ವ್ಯಾಟ್. ಕಂಪನಿಯಿಂದ ರಿಲೇ ಬಂದಿಲ್ಲ. ಎರಡೂ ಬಲ್ಬಿನ ಕರೆಂಟು, ಅಂದರೆ ಸುಮಾರು 9 ಆಂಪಿಯರ್, ಸ್ಟೀರಿಂಗ್ ಕೆಳಗಿನ ಸ್ವಿಚ್ಚನ್ನು ಹಾದೇ ಹೋಗಬೇಕು.

ಖರ್ಚಿಗೆ ಮುಂಚೆ ಗಮನಿಸಬೇಕಾದ್ದು, ಮಿಟುಕುವುದು ಒಂದು ಕಣ್ಣೋ ಎರಡೂ ಕಣ್ಣೋ ಎನ್ನುವುದು. ಒಂದೇ ಆದರೆ ಆ ಬದಿಯ ಬಲ್ಬು, ಹೋಲ್ಡರು ಅಥವಾ ಅರ್ತ್. ಎರಡೂ ಆದರೆ ಬ್ಯಾಟರಿ ಟರ್ಮಿನಲ್, ಸ್ವಿಚ್ಚು, ಎರಡಕ್ಕೂ ಸೇರಿದ ಅರ್ತ್, ಇಲ್ಲವೇ ಎಂಜಿನ್ ಓಡುವಾಗ ಕರೆಂಟು ಕೊಡುವ ಆಲ್ಟರ್ನೇಟರ್. ನಮ್ಮದರಲ್ಲಿ ಎರಡೂ ಮಿಟುಕುತ್ತಿದ್ದವು, ಎಡಗಡೆಯದು ಸ್ವಲ್ಪ ಜಾಸ್ತಿ. ಟೆಸ್ಟ್ ಲ್ಯಾಂಪ್ ಹಿಡಿದರೆ ಎಲ್ಲ ಕಡೆಯೂ ಉರಿಯುತ್ತದೆ. ಒಂದು ವೋಲ್ಟ್ ದಾರಿಯಲ್ಲಿ ಸೋರಿಹೋಗಿರುವುದನ್ನು ಅದು ಹೇಳುವುದಿಲ್ಲ. ಹಾಗಾಗಿ ಮಲ್ಟಿಮೀಟರೇ ಬೇಕು, ಅಗ್ಗದ್ದಾದರೂ ಸಾಕು. ಎಂಜಿನ್ ಓಡುತ್ತಿರಬೇಕು, ಲೈಟ್ ಉರಿಯುತ್ತಿರಬೇಕು, ಹೋಲ್ಡರ್ ಬಲ್ಬಿನಲ್ಲೇ ಇದ್ದು ಹಿಂದಿನಿಂದ ಮೀಟರಿನ ಕಡ್ಡಿ ತಾಗಿಸಬೇಕು. ಬ್ಯಾಟರಿಯಲ್ಲಿ 13.9 ವೋಲ್ಟ್ ಇತ್ತು, ಎಡಗಡೆ ಹೋಲ್ಡರಿನಲ್ಲಿ 11.8. ಬ್ಯಾಟರಿ ಮೈನಸ್ಸಿಗೂ ಹೋಲ್ಡರಿನ ಅರ್ತ್ ಕಾಲಿಗೂ ನಡುವೆ 0.9. ಅಲ್ಲಿ 0.2 ದಾಟಬಾರದು. ವೋಲ್ಟೇಜ್ ಶೇ 10 ಇಳಿದರೆ ಹ್ಯಾಲೊಜೆನ್ ಬೆಳಕು ಶೇ 30ರಷ್ಟು ಇಳಿಯುತ್ತದೆ ಎಂದು ತಿಳಿದ ಮೇಲೆ ಆ 11.8 ಸಣ್ಣ ವಿಷಯವಾಗಿ ಕಾಣುವುದಿಲ್ಲ.

ಅರ್ತ್ ಕೆಲಸಕ್ಕೆ ಖರ್ಚೇ ಇಲ್ಲ ಎನ್ನಬೇಕು. ರೇಡಿಯೇಟರ್ ಪಕ್ಕದ ಬೋಲ್ಟ್ ಬಿಚ್ಚಿದರೆ ವೈರಿನ ತುದಿಯ ಲಗ್ ಪೂರ್ತಿ ಹಸಿರು ಕಿಲುಬು. ನಮ್ಮ ಮಳೆಗೆ, ಗ್ರಿಲ್ಲಿನೊಳಗೆ ನುಗ್ಗುವ ಕೆಸರಿಗೆ ಇನ್ನೇನಾಗುತ್ತದೆ? ಉಪ್ಪು ಕಾಗದದಲ್ಲಿ ಬಾಡಿಯ ಬಣ್ಣ ಹೋಗಿ ತಗಡು ಹೊಳೆಯುವವರೆಗೆ ಉಜ್ಜಿ, ಹೊಸ ಲಗ್ ಒತ್ತಿ, ಬಿಗಿದ ಮೇಲೆ ಗ್ರೀಸ್ ಸವರಿದೆ. ಹೋಲ್ಡರಿನಿಂದ ಬ್ಯಾಟರಿ ಮೈನಸ್ಸಿಗೆ ಬೇರೆಯೇ ದಪ್ಪ ವೈರನ್ನೂ ಎಳೆದೆ. 0.9 ಇದ್ದದ್ದು 0.1ಕ್ಕೆ ಬಂತು, ಗುಂಡಿಯಲ್ಲಿ ಮಿಟುಕುವುದು ನಿಂತಿತು. ಒಂದು ಎಚ್ಚರಿಕೆ: ಕೆಲವು ಕಾರುಗಳಲ್ಲಿ ಸ್ವಿಚ್ಚು ಅರ್ತ್ ಬದಿಯಲ್ಲೇ ಇರುತ್ತದೆ, ಹೋಲ್ಡರಿನ ಸಾಮಾನ್ಯ ಕಾಲು ಪ್ಲಸ್ ಆಗಿರುತ್ತದೆ. ಅದನ್ನು ಮೀಟರಿನಲ್ಲಿ ನೋಡದೆ ವೈರ್ ಎಳೆದರೆ ನೇರ ಶಾರ್ಟ್.

ಡಿಮ್ ಡಿಪ್ ಮಾಡುವಾಗಿನ ಮಿಟುಕು ಮಾತ್ರ ಹಾಗೇ ಉಳಿಯಿತು. ಅದು ಸುಟ್ಟ ಸ್ವಿಚ್ಚಿನ ಕಾಂಟ್ಯಾಕ್ಟಿನದು, ಅಲ್ಲಿಗೆ ರಿಲೇಯೇ ಮದ್ದು. ರಿಲೇಯ ಕಾಲುಗಳಿಗೆ ನಂಬರು ಇರುತ್ತದೆ: 30ನೇ ಕಾಲಿಗೆ ಬ್ಯಾಟರಿಯಿಂದ ಫ್ಯೂಸ್ ಮೂಲಕ ನೇರ ವೈರು, 87ರಿಂದ ಬಲ್ಬಿಗೆ, 86ಕ್ಕೆ ಹಳೆಯ ಹೋಲ್ಡರಿನ ಸಿಗ್ನಲ್, 85 ಅರ್ತ್. ಡಿಮ್ಮಿಗೊಂದು, ಬ್ರೈಟಿಗೊಂದು ರಿಲೇ. ಈಗ ಸ್ವಿಚ್ಚಿನ ಮೇಲೆ ಕಾಲು ಆಂಪಿಯರ್ ಹೊರೆಯೂ ಇಲ್ಲ. ಹೋಲ್ಡರಿನಲ್ಲಿ 13.5 ಬಂತು, ಬಲ್ಬು ಅದೇ, ಬೆಳಕು ಬೇರೆ. ಫ್ಯೂಸನ್ನು ಬ್ಯಾಟರಿಯ ಪಕ್ಕದಲ್ಲೇ ಕೂರಿಸಬೇಕು. ದೂರ ಇಟ್ಟರೆ ನಡುವಿನ ವೈರನ್ನು ಕಾಯುವವರಿಲ್ಲ, ನಮ್ಮ ಶೆಡ್ಡುಗಳ ಇಲಿಗಳಿಗೆ ವೈರು ಕಂಡರೆ ಮೊದಲೇ ಪ್ರೀತಿ. ಅಂಗಡಿಯವರು ಇದರ ಬದಲು 100/90 ವ್ಯಾಟಿನ ಬಲ್ಬು ಹಾಕಿ ಎನ್ನುವುದುಂಟು. ರಿಲೇ ಇಲ್ಲದ ಗಾಡಿಯಲ್ಲಿ ಆ ಮಾತು ಕೇಳಿದರೆ ಹೋಲ್ಡರು ಕರಗುತ್ತದೆ.

ಎಲ್‌ಇಡಿ ನನ್ನದಲ್ಲ, ಭಾವನದು. "ಹಾಕಿ ನೋಡು ಮಾರಾಯ, ಹಗಲಾದಂಗೆ ಆಗ್ತದೆ" ಎಂದು ಜೋಡಿ ಕೊಟ್ಟಿದ್ದ. ಅರ್ತ್ ಮುಟ್ಟುವ ಮುಂಚೆ ಹಾಕಿದಾಗ ಮಿಟುಕು ಇಮ್ಮಡಿಯಾಯಿತು. ಕಾರಣ ಸರಳ: ಹ್ಯಾಲೊಜೆನ್ ತಂತಿ ಕಾದಿರುತ್ತದೆ, ಕರೆಂಟು ಕ್ಷಣ ತಪ್ಪಿದರೂ ಬೆಳಕು ಪೂರ್ತಿ ಬೀಳುವುದಿಲ್ಲ. ಎಲ್‌ಇಡಿಗೆ ಆ ತಾಳ್ಮೆ ಇಲ್ಲ. ಹೊಸ ಕಾರುಗಳಲ್ಲಿ ಕಂಪ್ಯೂಟರು ಕರೆಂಟನ್ನು ಬಿಟ್ಟು ಬಿಟ್ಟು ಕಳಿಸುವುದರಿಂದ ವೈರ್ ಚೆನ್ನಾಗಿದ್ದರೂ ಎಲ್‌ಇಡಿ ಮಿಟುಕಬಹುದು. ಅಲ್ಲಿ ಆ ಕರೆಂಟನ್ನು ಸಮ ಮಾಡಿ ಕೊಡುವ ಡಿಕೋಡರ್ ಬೇಕಾಗುತ್ತದೆ. ಅರ್ತ್, ರಿಲೇ ಎರಡೂ ಆದ ಮೇಲೆ ಮತ್ತೆ ಹಾಕಿದೆ. ಮಿಟುಕಲಿಲ್ಲ, ಬೆಳಕೂ ಬಿಳಿಬಿಳಿ. ಆದರೆ ಹ್ಯಾಲೊಜೆನ್ನಿಗೆಂದು ಮಾಡಿದ ರಿಫ್ಲೆಕ್ಟರಿನಲ್ಲಿ ಅದರ ಬೆಳಕು ಮೇಲಕ್ಕೂ ಚೆಲ್ಲುತ್ತದೆ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿಯ ಮಂಜಿನೊಳಗೆ ಹೊಕ್ಕರೆ ಎದುರಿಗೆ ಬಿಳಿ ಗೋಡೆ. ಎದುರು ಬರುವವರ ಬೈಗುಳ ಬೇರೆ. ಬಿಚ್ಚಿ ಭಾವನಿಗೆ ವಾಪಸ್ ಕೊಟ್ಟೆ, ಅವನಿಗೆ ಈಗಲೂ ನನ್ನ ಮೇಲೆ ಸಣ್ಣ ಬೇಜಾರಿದೆ.

ನನ್ನ ಓಟು ರಿಲೇಗೆ, ಅದೂ ಅರ್ತ್ ಸರಿಯಾದ ಮೇಲೆ. ಕೈಯಲ್ಲಿ ದುಡ್ಡಿಲ್ಲದಿದ್ದರೆ ಅರ್ತ್ ಒಂದೇ ಮಾಡಿ, ಮುಕ್ಕಾಲು ಕೆಲಸ ಆದಂತೆ. ಆದರೆ ಗಾಡಿ ನಿಂತಾಗ ಮಂಕಾಗಿ, ರೇಸ್ ಕೊಟ್ಟಾಗ ಏರುವ ಬೆಳಕಿಗೆ ಇವು ಯಾವುದೂ ಸಲ್ಲ. ಬೆಲ್ಟ್ ಸಡಿಲವಿದೆಯೇ ನೋಡಿ. ಬಳಿಕ ಮೀಟರನ್ನು ಎಸಿಗೆ ತಿರುಗಿಸಿ ಬ್ಯಾಟರಿಯ ಮೇಲಿಡಿ. ಅರ್ಧ ವೋಲ್ಟ್ ದಾಟಿದರೆ ಆಲ್ಟರ್ನೇಟರಿನೊಳಗೆ ಎಸಿಯನ್ನು ಡಿಸಿ ಮಾಡುವ ಡಯೋಡಿನ ಮೇಲೆ ಅನುಮಾನ. ಡಿಸಿಯಲ್ಲಿ 15 ವೋಲ್ಟ್ ಮೀರಿದರೆ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರು ಕೆಟ್ಟಿದೆ, ಬಲ್ಬುಗಳು ಒಂದೊಂದಾಗಿ ಹೋಗುತ್ತವೆ. ಅದನ್ನು ಮನೆಯಂಗಳದಲ್ಲಿ ಬಿಚ್ಚುವ ಸಾಹಸ ನಾನು ಮಾಡುವುದಿಲ್ಲ, ನೇರ ಆಟೋ ಎಲೆಕ್ಟ್ರಿಷಿಯನ್ ಹತ್ತಿರ.