ದೊಡ್ಡ ಇಂಜಿನ್ ಕೂರಿಸಿದ್ಮೇಲೆ ಜೀಪಿನ ಹಳೇ ಟ್ರಾನ್ಸ್‌ಫರ್ ಕೇಸ್ ತಡ್ಕೊಳ್ಳುತ್ತಾ? ಆರು ವರ್ಷ ಓಡಿಸಿ ನೋಡಿದ ಮೇಲೆ ಬರೀತಿದೀನಿ

ಮಹೀಂದ್ರಾದ ಹಳೇ ಜೀಪು ಎಂಎಂ 540ಗೆ ದೊಡ್ಡ ಇಂಜಿನ್ ಹಾಕಿಸ್ಬೇಕು ಅಂತ ಇರೋರು ನಮ್ಮ ಕಡೆ ತುಂಬ ಜನ, ಎಲ್ರೂ ಕೇಳೋದೂ ಒಂದೇ, ಕೆಳಗಿರೋ ಆ ಹಳೇ ಟ್ರಾನ್ಸ್‌ಫರ್ ಕೇಸ್ (ಗೇರ್‌ಬಾಕ್ಸಿಂದ ಬರೋ ಪವರನ್ನ ಮುಂದಿನ ಹಿಂದಿನ ಚಕ್ರಗಳಿಗೆ ಹಂಚೋ ಪೆಟ್ಟಿಗೆ) ತಡ್ಕೊಳ್ಳುತ್ತಾ ಇಲ್ಲ ಒಡ್ದೋಗುತ್ತಾ ಅಂತ. ನಮ್ದು ಸಕಲೇಶಪುರದ ಹತ್ರ ಕಾಫಿ ತೋಟ, ಜೀಪು ಶೋಕಿಗಲ್ಲ, ದಿನಾ ಕೆಲಸಕ್ಕೆ. ಗೊಬ್ಬರ, ಕಾಫಿ ಚೀಲ, ಆಳುಗಳು, ಕೊಯ್ಲಲ್ಲಿ ಹಿಂದೆ ಟ್ರೈಲರ್ ಬೇರೆ. ಆರು ವರ್ಷದ ಹಿಂದೆ ಹಳೇ ಪೂಜೋ ಇಂಜಿನ್ ಇಳಿಸಿ ಬೊಲೆರೊದ 2523 ಸಿಸಿ ಟರ್ಬೊ ಡೀಸೆಲ್ ಕೂರಿಸ್ದೆ, ಟ್ರಾನ್ಸ್‌ಫರ್ ಕೇಸ್ ಮಾತ್ರ ಅದೇ ಉಳಿಸ್ಕೊಂಡೆ. ಇದು ಆ ಕೇಸಿನ ರಿವ್ಯೂ.

ಮೊದಲು ಒಂದು ಲೆಕ್ಕ ಹೇಳ್ಬಿಡ್ತೀನಿ, ಯಾಕಂದ್ರೆ ಇಲ್ಲೇ ತುಂಬ ಜನ ತಪ್ಪು ಮಾಡೋದು. ಪೂಜೋ 2112 ಸಿಸಿ ಇಂಜಿನ್ 62 ಬಿಎಚ್‌ಪಿ, ಬೊಲೆರೊದ್ದು 63. ಒಂದೇ ಒಂದು ಜಾಸ್ತಿ, ಏನಾಗುತ್ತೆ ಅಂತಾರೆ. ಆದ್ರೆ ಟಾರ್ಕ್, ಅಂದ್ರೆ ತಿರುಗಿಸೋ ಬಲ ನೋಡಿ, ಪೂಜೋದು 120 ಎನ್‌ಎಂ (ನ್ಯೂಟನ್ ಮೀಟರ್) ಆಸುಪಾಸು, ಬೊಲೆರೊದು 195. ಅದೂ 1400 ಆರ್‌ಪಿಎಂನಲ್ಲೇ ಪೂರ್ತಿ ಸಿಗುತ್ತೆ, ಅಂದ್ರೆ ಕ್ಲಚ್ ಬಿಟ್ಟ ತಕ್ಷಣ. ಫಸ್ಟ್ ಗೇರ್ ಟಾರ್ಕನ್ನ ಲೆಕ್ಕಕ್ಕೆ 4 ಪಟ್ಟು ಮಾಡುತ್ತೆ ಅಂತ ಇಟ್ಕೊಳ್ಳಿ, ಟ್ರಾನ್ಸ್‌ಫರ್ ಕೇಸಿನ ಲೋ (ಏರು, ಕೆಸರಿಗೆ ಹಾಕೋ ನಿಧಾನದ ಗೇರು) ಸುಮಾರು 2.46 ಪಟ್ಟು, ಗುಣಿಸಿದ್ರೆ ಪೂಜೋದಲ್ಲಿ 1180 ಎನ್‌ಎಂ ಬರ್ತಿದ್ದಿದ್ದು ಈಗ 1900 ದಾಟುತ್ತೆ. ಹಳೇ ಥಾರ್‌ನ 2498 ಸಿಸಿ ಇಂಜಿನ್ 247 ಎನ್‌ಎಂ, ಅದನ್ನ ಕೂರಿಸಿದ್ರೆ 2400ರ ಮೇಲೆ. ಟ್ರಾನ್ಸ್‌ಫರ್ ಕೇಸಿಗೆ ಬಿಎಚ್‌ಪಿ ಗೊತ್ತಾಗಲ್ಲ, ಅದಕ್ಕೆ ಬೀಳೋ ಪೆಟ್ಟು ಟಾರ್ಕಿಂದು.

ಈ ಕೇಸ್ ಯುದ್ಧಕಾಲದ ವಿಲ್ಲೀಸ್‌ನಲ್ಲಿದ್ದ ಸ್ಪೈಸರ್ 18ರ ವಂಶ. ಬೀಡು ಕಬ್ಬಿಣದ ಮೈ, ಒಳಗೆ ಚೈನ್ ಇಲ್ಲ, ಎಲ್ಲಾ ಗೇರೇ. ಜೀಪಿನ ಹಿಂದಿನ ಹೌಸಿಂಗ್ (ಹಿಂದಿನ ಆಕ್ಸಲ್ ಮೇಲಿನ ಗುಂಡನೆ ಡಿಫರೆನ್ಷಿಯಲ್ ಡಬ್ಬ) ನಟ್ಟ ನಡುವೆ ಇರ್ದೆ ಬಲಕ್ಕೆ ಸರ್ದಿರೋದು ಇದರಿಂದ್ಲೇ, ಔಟ್‌ಪುಟ್ ಪಕ್ಕಕ್ಕೆ ಇದೆ. ಹಂಗಾಗಿ ಟೂ ವೀಲ್ ಹೈನಲ್ಲಿ ಟಾರ್ ರೋಡಲ್ಲಿ ಹೋಗ್ತಿದ್ರೂ ಪವರ್ ನೇರ ಹಿಂದಕ್ಕೆ ಹೋಗಲ್ಲ, ಮಧ್ಯದಲ್ಲಿರೋ ಇಂಟರ್‌ಮೀಡಿಯೇಟ್ ಗೇರ್ ದಾಟ್ಕೊಂಡೇ ಹೋಗ್ಬೇಕು. ಜೀಪಲ್ಲಿ ಕೂತಾಗ ಕಾಲ ಹತ್ರ ಊಂ ಅಂತ ಒಂದು ಶಬ್ದ ಬರುತ್ತಲ್ಲ, ಅದೇ ಇದು. ಆ ಗೇರು ಒಂದು ಶಾಫ್ಟ್ ಮೇಲೆ ನೀಡಲ್ ಬೇರಿಂಗಲ್ಲಿ (ಸೂಜಿಯಂಥ ಸಣ್ಣ ಉರುಳೆಗಳು) ತಿರುಗುತ್ತೆ, ಶಾಫ್ಟ್ ತಿರುಗಲ್ಲ, ಹಿಂದೆ ಒಂದು ಲಾಕ್ ಪ್ಲೇಟ್ ಅದನ್ನ ಹಿಡಿದಿರುತ್ತೆ. ಈ ಕೇಸಿನ ಪ್ರಾಣ ಇರೋದು ಆ ಶಾಫ್ಟಲ್ಲಿ. ಯುದ್ಧದ ಜೀಪಲ್ಲಿ ಅದು ಬರೀ ಮುಕ್ಕಾಲು ಇಂಚು ದಪ್ಪ ಇತ್ತು, ಆಮೇಲೆ ಒಂದು ಇಂಚಿಗೆ ಸ್ವಲ್ಪ ಮೇಲೆ ಮಾಡಿದ್ರು, ಕೊನೆಗೆ ಒಂದೂಕಾಲು ಇಂಚು. ಎರಡು ಸಲ ದಪ್ಪ ಮಾಡಿದಾರೆ ಅಂದ್ರೆ ವೀಕ್ ಪಾಯಿಂಟ್ ಎಲ್ಲಿತ್ತು ಅಂತ ಅರ್ಥ ಮಾಡ್ಕೊಳ್ಳಿ.

ನಂದೂ ಹೋಗಿದ್ದು ಅಲ್ಲೇ. ಇಂಜಿನ್ ಹಾಕಿಸುವಾಗ್ಲೇ ಒಂದು ಗ್ಯಾರೇಜಲ್ಲಿ (ಹೆಸರು ಬೇಡ) ಟ್ರಾನ್ಸ್‌ಫರ್ ಕೇಸ್ ಓವರ್‌ಹಾಲ್ ಮಾಡಿ ಅಂತ ಕೊಟ್ಟಿದ್ದೆ. ಎರಡನೇ ಮಳೆಗಾಲ, ಆಶ್ಲೇಷ ಮಳೆ ಜೋರಾಗಿ ಹೊಡೀತಿದೆ, ತೋಟದಿಂದ ಮೇಲೆ ಹತ್ತೋ ಏರಲ್ಲಿ ಮರದ ದಿಮ್ಮಿ ಎಳೀತಿದ್ದೆ, ಫೋರ್ ವೀಲ್ ಲೋ, ಫಸ್ಟ್ ಗೇರು. ಕೆಸರಲ್ಲಿ ನಾಲ್ಕೂ ಚಕ್ರ ತಿರುಗ್ತಿದ್ವು, ಆಕ್ಸಿಲೇಟರ್ ಬಿಡ್ಲಿಲ್ಲ, ಚಕ್ರ ಹೋಗಿ ಒಂದು ಹಾಸುಬಂಡೆ ಹಿಡೀತು ನೋಡಿ, ಟಕ್ ಅಂತ ಒಂದು ಶಬ್ದ, ಆಮೇಲೆ ಗರಗರ. ಕೆಸರಲ್ಲಿ ಯಾವ ಕೇಸೂ ಮುರಿಯಲ್ಲ, ಚಕ್ರ ಜಾರೋದ್ರಿಂದ ಲೋಡೇ ಬರಲ್ಲ. ಜೋರಾಗಿ ತಿರುಗ್ತಿರೋ ಚಕ್ರ ಒಂದೇ ಸಲ ಹಿಡಿತ ಸಿಕ್ಕಿ ನಿಂತಾಗ ಬೀಳೋ ಜರ್ಕ್ ಮುರಿಯೋದು. ಟಯರ್ ದೊಡ್ಡದಾದಷ್ಟೂ, ಹಿಂದೆ ಭಾರ ಇದ್ದಷ್ಟೂ ಆ ಪೆಟ್ಟು ಜಾಸ್ತಿ.

ಬಿಚ್ಚಿದಾಗ ನಾನೂ ಪಕ್ಕದಲ್ಲೇ ಕೂತಿದ್ದೆ. ಡ್ರೈನ್ ಪ್ಲಗ್ ತೆಗೆದ್ರೆ ಬಂದಿದ್ದು ಅರ್ಧ ಲೋಟ ಆಯಿಲ್, ಅದ್ರಲ್ಲಿ ಬೆಳ್ಳಿ ಪುಡಿ ಕಲಸಿದಂಗೆ ಮಿಂಚು. ಕೆಳಗಿನ ತಗಡಿನ ಪ್ಯಾನ್ ಬಿಚ್ಚಿದ್ರೆ ನೀಡಲ್‌ಗಳು ಜೀರಿಗೆ ಕಾಳಿನ ಥರ ಉದುರಿದ್ವು, ಕೆಲವು ಎರಡು ತುಂಡು. ಶಾಫ್ಟ್ ಹೊರಗೆ ತಟ್ಟಿ ತೆಗೆದು ಒರೆಸಿ ಉಗುರು ಓಡಿಸಿದ್ರೆ ಒಂದು ಕಡೆ ಉಗುರೇ ಸಿಕ್ಕಿ ನಿಲ್ಲುತ್ತೆ, ಅಷ್ಟು ಗುಳಿ. ಈ ಸಲ ಬಿಚ್ಚಿದ ಮೇಸ್ತ್ರಿ ಇನ್ನೊಬ್ರು, ವಯಸ್ಸಾದೋರು, "ಗೌಡ್ರೆ, ಇಂಜಿನ್ ಮುರಿದಿದ್ದಲ್ಲ ಇದು, ಆಯಿಲ್ ಇಲ್ದೆ ಸತ್ತಿರೋದು" ಅಂದ್ರು. ಶಾಫ್ಟ್ ಹಿಂದಿನ ತುದೀಲಿ ಸೀಲಿಂಗ್ ಸರಿ ಇಲ್ದೆ ಆಯಿಲ್ ಸೋರಿದೆ, ಔಟ್‌ಪುಟ್ ಬೇರಿಂಗಿಗೆ ಹಾಕ್ಬೇಕಾದ ಶಿಮ್ (ಸಂದು ಸರಿ ಮಾಡೋ ತೆಳು ತಗಡು) ಎರಡು ಇರ್ಬೇಕಾದ ಕಡೆ ಒಂದೇ ಇತ್ತು, ಥ್ರಸ್ಟ್ ವಾಷರ್ (ಗೇರು ಪಕ್ಕಕ್ಕೆ ಉಜ್ಜದಂಗೆ ತಡೆಯೋ ಬಿಲ್ಲೆ) ಹಳೇದನ್ನೇ ವಾಪಸ್ ಹಾಕಿದಾರೆ. ಆದ್ರೆ ಎರಡು ಮಳೆಗಾಲ ಒಂದ್ಸಲಾನೂ ಪ್ಲಗ್ ಬಿಚ್ಚಿ ನೋಡದೆ ಇದ್ದಿದ್ದು ನಾನೇ. ಅವತ್ತು ನಿಜವಾಗ್ಲೂ ಸಂಕಟ ಆಯ್ತು, ನಮ್ಮಪ್ಪ ಇದೇ ಜೀಪನ್ನ ಪ್ರತಿ ಶನಿವಾರ ತೊಳೆದು ಕೆಳಗೆ ಮಲಗಿ ಒಂದೊಂದು ನಟ್ಟೂ ಮುಟ್ಟಿ ನೋಡ್ತಿದ್ರು.

ಗೇರ್‌ಗಳ ಹಲ್ಲು ಒಂದೂ ಮುರಿದಿರ್ಲಿಲ್ಲ, ಕೇಸಿಗೆ ಒಂದು ಬಿರುಕೂ ಇಲ್ಲ. ಅದನ್ನ ನೋಡೇ ನಂಗೆ ಧೈರ್ಯ ಬಂದಿದ್ದು.

ಮೇಸ್ತ್ರಿ ಒಂದೂಕಾಲು ಇಂಚಿನ ಹೊಸ ಶಾಫ್ಟು, ಅದಕ್ಕೆ ಹೊಂದೋ ಗೇರು, ಹೊಸ ನೀಡಲ್, ಹೊಸ ವಾಷರ್, ಎಲ್ಲಾ ಸೀಲು ಹಾಕಿ ಕಟ್ಟಿದ್ರು. ಶಿಮ್ ಒಂದೊಂದೇ ಹಾಕಿ ಕೈಯಲ್ಲಿ ಶಾಫ್ಟ್ ಎಳೆದು ನೋಡಿ, ಬಿಚ್ಚಿ, ಮತ್ತೆ ಹಾಕಿ, ಅರ್ಧ ದಿನ ಅದಕ್ಕೇ ಹೋಯ್ತು. ನಾಲ್ಕು ವರ್ಷ ಆಯ್ತು, ಮತ್ತೆ ಕೇಸ್ ಬಿಚ್ಚಿಲ್ಲ. ಅದೇ ಏರು, ಅದೇ ಟ್ರೈಲರ್, ಅದೇ 195 ಎನ್‌ಎಂ.

ನಂಗೆ ಇಷ್ಟ ಆಗದೆ ಇರೋದೂ ಇದೆ. ಶಬ್ದ ಕಮ್ಮಿ ಆಗಲ್ಲ, ಟರ್ಬೊ ಇಂಜಿನ್ ಇದೆ ಅಂತ ಹೈವೇಲಿ 80ರ ಮೇಲೆ ಓಡಿಸಿದ್ರೆ ಕೇಸ್ ಕೈ ಇಡಕ್ಕಾಗ್ದಷ್ಟು ಬಿಸಿ ಆಗುತ್ತೆ, ಸೀಲ್ ಬೇಗ ಹೋಗುತ್ತೆ. ಒಳಗಿರೋ ಇಂಟರ್‌ಲಾಕ್ ಫೋರ್ ವೀಲ್ ಹಾಕದೆ ಲೋ ಹಾಕೋಕೆ ಬಿಡಲ್ಲ, ಕೆಲವರು ಅದನ್ನ ತೆಗೆಸ್ತಾರೆ, ದಯವಿಟ್ಟು ಬೇಡ, ಲೋನಲ್ಲಿ ಬರೋ ಟಾರ್ಕ್ ಪೂರ್ತಿ ಹಿಂದಿನ ಔಟ್‌ಪುಟ್ ಒಂದರ ಮೇಲೇ ಬೀಳುತ್ತೆ. ಇನ್ನು ಟಾರ್ ರೋಡಿಗೆ ಬಂದ ಮೇಲೂ ಫೋರ್ ವೀಲ್ ಬಿಡಿಸದೆ ತಿರುವಲ್ಲಿ ಓಡಿಸೋದೂ ಬೇಡ, ಮುಂದೆ ಹಿಂದೆ ಬೇರೆ ಬೇರೆ ವೇಗದಲ್ಲಿ ತಿರುಗಕ್ಕೆ ಬಿಡೋ ಡಿಫರೆನ್ಷಿಯಲ್ ಮಧ್ಯದಲ್ಲಿ ಇಲ್ಲ ಇದಕ್ಕೆ, ಮುಂದಿನ ಹಿಂದಿನ ಶಾಫ್ಟ್ ಎರಡೂ ಒಂದಕ್ಕೊಂದು ತಿರುಚ್ಕೊಂಡು ಗೇರ್ ಬಿಗಿಯುತ್ತೆ, ಲಿವರ್ ಈಚೆಗೇ ಬರಲ್ಲ.

ಕೆಲವರು ಕೇಳ್ತಾರೆ, ಹೊಸ ಗಾಡಿಗಳ ಅಲ್ಯುಮಿನಿಯಂ ಚೈನ್ ಕೇಸ್ ಹಾಕ್ಬಹುದಲ್ಲ ಅಂತ. ಹಗುರ, ಶಬ್ದ ಇಲ್ಲ, ನಿಜ. ಆದ್ರೆ ಅಮೆರಿಕದಲ್ಲಿ ದೊಡ್ಡ ಇಂಜಿನ್ ಟ್ರಕ್ ಇಟ್ಕೊಂಡೋರು ಇವತ್ತಿಗೂ ಹುಡುಕೋದು ಎನ್‌ಪಿ 205 ಅನ್ನೋ ಬೀಡು ಕಬ್ಬಿಣದ ಗೇರ್ ಕೇಸನ್ನ, 1989ರಲ್ಲಿ ಡಾಡ್ಜ್ ಪಿಕಪ್‌ಗೆ 5.9 ಲೀಟರ್ ಕಮ್ಮಿನ್ಸ್ ಡೀಸೆಲ್ ಬಂದಾಗ ಅದರ ಹಿಂದೆ ಇದ್ದಿದ್ದೂ ಅದೇ. ಚೈನ್ ಸವೆದು ಉದ್ದ ಆದ್ರೆ ಹಲ್ಲು ಹಾರುತ್ತೆ, ಹೊಸ ಚೈನೇ ತರಿಸ್ಬೇಕು. ಗೇರ್ ಕೇಸ್ ಆದ್ರೆ ಹಾಸನದಲ್ಲಿ ಪಾರ್ಟ್ ತಂದು ಮನೆ ಅಂಗಳದಲ್ಲೇ ಬಿಚ್ಚಿ ಕಟ್ಬಹುದು. ತೋಟದ ಗಾಡಿಗೆ ನನ್ನ ಓಟು ಇದಕ್ಕೇ, ಐದಕ್ಕೆ ನಾಲ್ಕು ಸ್ಟಾರ್. 195 ಎನ್‌ಎಂವರೆಗೆ ನಾನೇ ನೋಡಿದೀನಿ, ಕಣ್ಮುಚ್ಕೊಂಡು ಹೇಳ್ತೀನಿ. 247ರ ಇಂಜಿನ್ ಜೊತೆ ದೊಡ್ಡ ಟಯರೂ ಹಾಕ್ತೀನಿ ಅಂದ್ರೆ ನಾನು ಬೇಡ ಅಂತೀನಿ. ಇಂಜಿನ್ ಬದಲಾಯಿಸೋಕೆ ಮುಂಚೆ ಆರ್‌ಟಿಒ ಒಪ್ಪಿಗೆ ತಗೊಂಡು ಆರ್‌ಸಿಲಿ ನಮೂದು ಮಾಡಿಸಿ, ಇಲ್ಲಾಂದ್ರೆ ಇನ್ಶೂರೆನ್ಸ್ ಕ್ಲೇಮಿಗೆ ಹೋದಾಗ ಕಷ್ಟ.

ಆಯಿಲ್ 80ಡಬ್ಲ್ಯು-90 ಹಾಕ್ತೀನಿ, ಮಳೆಗಾಲಕ್ಕೆ ಮುಂಚೆ ಒಂದ್ಸಲ, ಮುಗಿದ ಮೇಲೆ ಒಂದ್ಸಲ. ಮಧ್ಯ ಮಧ್ಯ ಫಿಲ್ಲರ್ ಪ್ಲಗ್ ಬಿಚ್ಚಿ ಬೆರಳು ಹಾಕ್ತೀನಿ, ತುದಿಗೆ ಆಯಿಲ್ ತಾಗಿದ್ರೆ ಸರಿ. ಹೋದ ವಾರ ನೋಡಿದಾಗ ಲೆವೆಲ್ ಸರಿ ಇತ್ತು, ಮಿಂಚು ಇಲ್ಲ, ಮುಂದಿನ ಔಟ್‌ಪುಟ್ ಸೀಲ್ ಹತ್ರ ಮಾತ್ರ ಸ್ವಲ್ಪ ಜಿನುಗ್ತಿದೆ. ಸೀಲ್ ತಂದಿಟ್ಟಿದೀನಿ, ಆರಿದ್ರಾ ಮಳೆ ಶುರುವಾಗೋಕೆ ಮುಂಚೆ ಹಾಕ್ಬೇಕು.