ಸಮುದ್ರ ಎಷ್ಟು ಏರುತ್ತದೆ? ನಾಸಾ ಟೂಲ್ ಮತ್ತು ನೀಲಿ ನಕ್ಷೆಗಳ ವಿಮರ್ಶೆ

ಧ್ರುವಗಳ ಹಿಮ ಕರಗಿದರೆ ಸಮುದ್ರ ಎಷ್ಟು ಏರುತ್ತದೆ ಎಂದು ಹುಡುಕಿದವರಿಗೆ ಇಂಟರ್ನೆಟ್‌ನಲ್ಲಿ ಎರಡು ಬಗೆಯ ಉತ್ತರ ಸಿಗುತ್ತದೆ. ಒಂದು, ಕರಾವಳಿಯ ಊರುಗಳನ್ನೆಲ್ಲ ನೀಲಿ ಬಳಿದು ತೋರಿಸುವ ನಕ್ಷೆ. ಇನ್ನೊಂದು, ಗೆರೆಗಳೂ ಅಂಕಿಗಳೂ ತುಂಬಿದ ಗ್ರಾಫ್. ಜನ ಹಂಚಿಕೊಳ್ಳುವುದು ಮೊದಲನೆಯದನ್ನು. ಕೆಲಸಕ್ಕೆ ಬರುವುದು ಎರಡನೆಯದು. ಇಲ್ಲಿ ಮುಖ್ಯವಾಗಿ ನೋಡುತ್ತಿರುವುದು ನಾಸಾದ ಸೀ ಲೆವೆಲ್ ಪ್ರೊಜೆಕ್ಷನ್ ಟೂಲ್ ಅನ್ನು. ಅದರ ಪಕ್ಕದಲ್ಲಿಟ್ಟು ಹೋಲಿಸಲು ಕ್ಲೈಮೇಟ್ ಸೆಂಟ್ರಲ್ ಸಂಸ್ಥೆಯ ಕೋಸ್ಟಲ್ ರಿಸ್ಕ್ ಸ್ಕ್ರೀನಿಂಗ್ ಟೂಲ್ ಇದೆ. ಅಮೆರಿಕದ ನೋವಾ ಸಂಸ್ಥೆಯ ಸೀ ಲೆವೆಲ್ ರೈಸ್ ವ್ಯೂವರ್ ಬಗ್ಗೆ ಒಂದೆರಡು ಮಾತು ಸಾಕು.

ನಾಸಾ ಟೂಲ್ ಬಂದದ್ದು 2021ರ ಆಗಸ್ಟ್‌ನಲ್ಲಿ, ವಿಶ್ವಸಂಸ್ಥೆಯ ಹವಾಮಾನ ಸಮಿತಿಯಾದ ಐಪಿಸಿಸಿಯ ಆರನೇ ವರದಿಯ ಮೊದಲ ಭಾಗದ ಜೊತೆಗೆ. ಹಣ ಕೊಡಬೇಕಿಲ್ಲ, ಲಾಗಿನ್ ಬೇಕಿಲ್ಲ. ತೆರೆದರೆ ಪ್ರಪಂಚದ ನಕ್ಷೆ, ಅದರ ಮೇಲೆ ಚುಕ್ಕೆಗಳು. ಉಬ್ಬರವಿಳಿತ ಅಳೆಯುವ ಮಾಪಕ ಇರುವ ಕಡೆಯೆಲ್ಲ ಒಂದು ಚುಕ್ಕೆ. ಅದಲ್ಲದೆ ಒಂದು ಡಿಗ್ರಿ ಅಂತರದ ಚೌಕಗಳಲ್ಲೂ ಲೆಕ್ಕ ಸಿಗುತ್ತದೆ. ಚುಕ್ಕೆ ಒತ್ತಿದರೆ 2020ರಿಂದ 2150ರವರೆಗೆ ಹತ್ತು ಹತ್ತು ವರ್ಷಕ್ಕೆ ಆ ಜಾಗದ ಸಮುದ್ರ ಮಟ್ಟ ಎಷ್ಟು ಬದಲಾಗಬಹುದು ಎಂಬ ಗ್ರಾಫ್ ಬರುತ್ತದೆ. ಯುರೋಪ್, ಜಪಾನ್ ತೀರದಲ್ಲಿ ಚುಕ್ಕೆಗಳು ಒಂದರ ಮೇಲೊಂದು ಬಿದ್ದಿವೆ. ದೊಡ್ಡದು ಮಾಡದೆ ಒತ್ತಿದರೆ ಪಕ್ಕದ ಊರಿನ ಲೆಕ್ಕ ತೆರೆದುಕೊಳ್ಳುತ್ತದೆ. ಆಫ್ರಿಕಾದ ತೀರದಲ್ಲಿ ಚುಕ್ಕೆಗಳೇ ವಿರಳ. ಅಲ್ಲಿ ಚೌಕವನ್ನೇ ನಂಬಬೇಕು. ಸಮಭಾಜಕದ ಹತ್ತಿರ ಒಂದು ಚೌಕದ ಬದಿ 111 ಕಿ.ಮೀ. ಎಂಬುದು ನೆನಪಿರಲಿ: ಒಂದು ಅಳಿವೆ, ಒಂದು ಕಿರಿದಾದ ಕೊಲ್ಲಿ ಅದರಲ್ಲಿ ಕಾಣುವುದೇ ಇಲ್ಲ.

ಗ್ರಾಫ್‌ನಲ್ಲಿ ಐದು ಸನ್ನಿವೇಶಗಳಿವೆ. ಎಸ್‌ಎಸ್‌ಪಿ1-1.9 ಎಂದರೆ ಇಂಗಾಲದ ಉಗುಳುವಿಕೆ ಬಹುಬೇಗ ನಿಲ್ಲುವ ದಾರಿ, ಎಸ್‌ಎಸ್‌ಪಿ5-8.5 ಎಂದರೆ ಕಡಿವಾಣವೇ ಇಲ್ಲದ ದಾರಿ. ಜಾಗತಿಕ ಸರಾಸರಿಯಲ್ಲಿ 2100ಕ್ಕೆ ಮೊದಲನೆಯದು 0.28ರಿಂದ 0.55 ಮೀಟರ್, ಕೊನೆಯದು 0.63ರಿಂದ 1.01 ಮೀಟರ್ ಏರಿಕೆ ಕೊಡುತ್ತದೆ. 2050ಕ್ಕೆ ಮಾತ್ರ ನೋಡಿದರೆ ಈ ಎರಡರ ಮಧ್ಯಾಂಕಗಳು 0.18 ಮತ್ತು 0.23 ಮೀಟರ್, ಅಂದರೆ ಬರೀ ಐದು ಸೆಂ.ಮೀ. ವ್ಯತ್ಯಾಸ. ಹಾಗಾಗಿ 2050ರ ತನಕದ ಕೆಲಸಕ್ಕೆ ಯಾವ ಸನ್ನಿವೇಶ ಆರಿಸಬೇಕು ಎಂದು ತಲೆಕೆಡಿಸಿಕೊಳ್ಳುವುದು ವ್ಯರ್ಥ. ಸನ್ನಿವೇಶಗಳ ಹೆಸರೇ ಗೋಜಲು ಅನಿಸಿದವರಿಗೆ ತಾಪಮಾನದ ಲೆಕ್ಕದಲ್ಲೂ ನೋಡುವ ಅವಕಾಶವಿದೆ: 1.5, 2, 3, 4, 5 ಡಿಗ್ರಿ.

ಮೊದಲ ಸಲ ಬಳಸುವವರು ಎಡವುವುದು ಸೊನ್ನೆಯ ಗೆರೆಯಲ್ಲಿ. ಇಲ್ಲಿನ ಸೊನ್ನೆ ಇವತ್ತಿನ ಸಮುದ್ರವಲ್ಲ, 1995–2014ರ ಸರಾಸರಿ. ಅದರ ನಡುವಿನ ವರ್ಷ ಸುಮಾರು 2005. ಅಲ್ಲಿಂದ ಈಚೆಗೆ, ವರ್ಷಕ್ಕೆ 3.7 ಮಿ.ಮೀ. ಎಂಬ 2006–2018ರ ವೇಗ ಹಿಡಿದರೂ, ಇಪ್ಪತ್ತು ವರ್ಷಕ್ಕೆ 7 ಸೆಂ.ಮೀ. ಮೀರುತ್ತದೆ. "ಇವತ್ತಿಗಿಂತ ಅರ್ಧ ಮೀಟರ್ ಹೆಚ್ಚು" ಎಂದು ವರದಿ ಬರೆಯುವ ಮುನ್ನ ಇದನ್ನು ಕಳೆಯಬೇಕು. ಹಳೆಯ ಸರ್ವೆ ಮಟ್ಟಕ್ಕೆ ಈ ಅಂಕಿಯನ್ನು ನೇರ ಕೂಡಿಸುವುದು ಇನ್ನೂ ದೊಡ್ಡ ತಪ್ಪು. ಆ ಮಟ್ಟ ಯಾವ ವರ್ಷದ ಸಮುದ್ರದಿಂದ ಅಳೆದದ್ದು ಎಂದು ಮೊದಲು ತಿಳಿಯಬೇಕು.

ಈ ಟೂಲ್‌ಗೆ ನಿಜವಾದ ಬೆಲೆ ಬರುವುದು ಒಟ್ಟು ಅಂಕಿಯಿಂದಲ್ಲ, ಅದನ್ನು ಬಿಡಿಸಿ ತೋರಿಸುವುದರಿಂದ. ಏರಿಕೆಯಲ್ಲಿ ಅಂಟಾರ್ಕ್ಟಿಕಾದ ಪಾಲು, ಗ್ರೀನ್‌ಲ್ಯಾಂಡಿನ ಪಾಲು, ಬೆಟ್ಟಗಳ ಹಿಮನದಿಗಳ ಪಾಲು, ನೀರು ಬಿಸಿಯಾಗಿ ಹಿಗ್ಗುವುದೂ ಸಮುದ್ರದೊಳಗಿನ ಪ್ರವಾಹಗಳು ಬದಲಾಗುವುದೂ ಸೇರಿದ ಪಾಲು, ಅಣೆಕಟ್ಟು–ಅಂತರ್ಜಲದ ಪಾಲು, ನೆಲವೇ ಏಳುವ ಅಥವಾ ಕುಸಿಯುವ ಪಾಲು, ಎಲ್ಲವೂ ಬೇರೆ ಬೇರೆ. ಎಸ್‌ಎಸ್‌ಪಿ5-8.5ರಲ್ಲಿ 2100ಕ್ಕೆ ಜಾಗತಿಕವಾಗಿ ನೀರು ಹಿಗ್ಗುವುದರಿಂದಲೇ 0.30 ಮೀಟರ್, ಹಿಮನದಿಗಳಿಂದ 0.18, ಗ್ರೀನ್‌ಲ್ಯಾಂಡಿನಿಂದ 0.13, ಅಂಟಾರ್ಕ್ಟಿಕಾದಿಂದ 0.12, ನೆಲದ ಮೇಲಿನ ನೀರಿನಿಂದ 0.03. ಹಿಮಹೊದಿಕೆ ಕರಗುವುದೇ ಸಮುದ್ರ ಏರಿಕೆ ಎಂದು ತಿಳಿದವರಿಗೆ ಈ ಪಟ್ಟಿ ಅಚ್ಚರಿ ತರುತ್ತದೆ. ಗ್ರೀನ್‌ಲ್ಯಾಂಡಿನಲ್ಲಿ ಸಮುದ್ರವನ್ನು 7 ಮೀಟರಿಗೂ ಹೆಚ್ಚು, ಅಂಟಾರ್ಕ್ಟಿಕಾದಲ್ಲಿ ಸುಮಾರು 58 ಮೀಟರ್ ಏರಿಸುವಷ್ಟು ಹಿಮವಿದೆ ನಿಜ. ಆದರೆ ಸಮುದ್ರ ಒಂದು ಮಿ.ಮೀ. ಏರಲು ಸುಮಾರು 360 ಗಿಗಾಟನ್ (ಒಂದು ಗಿಗಾಟನ್ ಎಂದರೆ ನೂರು ಕೋಟಿ ಟನ್) ಹಿಮ ಇಳಿಯಬೇಕು. ಗ್ರೀನ್‌ಲ್ಯಾಂಡ್ 2002ರಿಂದೀಚೆಗೆ ವರ್ಷಕ್ಕೆ ಸರಾಸರಿ 270 ಗಿಗಾಟನ್, ಅಂಟಾರ್ಕ್ಟಿಕಾ 150ರ ಆಸುಪಾಸು ಕಳೆದುಕೊಳ್ಳುತ್ತಿವೆ. ಈ ಶತಮಾನದ ಮಟ್ಟಿಗೆ ಪ್ರಶ್ನೆ ಹಿಮ ಎಷ್ಟಿದೆ ಎಂಬುದಲ್ಲ, ಎಷ್ಟು ಬೇಗ ಹೊರಡುತ್ತದೆ ಎಂಬುದು.

ಪಾಲುಗಳನ್ನು ಓದುವಾಗ ಒಂದು ಲೆಕ್ಕದ ಬಲೆ ಇದೆ. ಮಧ್ಯಾಂಕಗಳನ್ನು ಕೂಡಿದರೆ 0.76 ಬರುತ್ತದೆ, ಒಟ್ಟಿನ 0.77ಕ್ಕೆ ಸರಿಸುಮಾರು ಹೊಂದುತ್ತದೆ. ಅದೇ ಧೈರ್ಯದಲ್ಲಿ ಮೇಲಿನ ಮಿತಿಗಳನ್ನು ಕೂಡಿದರೆ? 0.36, 0.20, 0.18, 0.34, 0.04 ಸೇರಿ 1.12, ಟೂಲ್ ಹೇಳುವುದು 1.01. ಟೂಲ್ ತಪ್ಪಿಲ್ಲ. ಎಲ್ಲ ಪಾಲುಗಳೂ ಒಟ್ಟಿಗೇ ತಮ್ಮ ಮೇಲಿನ ಅಂಚಿಗೆ ಹೋಗುವುದು ಅಪರೂಪ. ಆದ್ದರಿಂದ ಒಟ್ಟಿನ ವ್ಯಾಪ್ತಿ ಬಿಡಿಗಳ ಮೊತ್ತಕ್ಕಿಂತ ಕಿರಿದು. ಒಟ್ಟು ಬೇಕಿದ್ದರೆ ಒಟ್ಟಿನ ಗೆರೆಯನ್ನೇ ಓದಿ, ಕೂಡಲು ಹೋಗಬೇಡಿ.

ಇನ್ನೊಂದು ವಿಚಿತ್ರವನ್ನೂ ದೋಷವೆಂದು ತಿಳಿಯುವವರಿದ್ದಾರೆ. ಅಂಟಾರ್ಕ್ಟಿಕಾದ ಮಧ್ಯಾಂಕ ಇಂಗಾಲ ಕಡಿಮೆ ಉಗುಳುವ ಎಸ್‌ಎಸ್‌ಪಿ1-2.6ರಲ್ಲಿ 0.11, ಎಸ್‌ಎಸ್‌ಪಿ5-8.5ರಲ್ಲಿ 0.12. ಜಗತ್ತು ಅಷ್ಟು ಬಿಸಿಯಾದರೂ ಒಂದೇ ಸೆಂ.ಮೀ. ಫರಕು! ಗಾಳಿ ಬಿಸಿಯಾದಷ್ಟೂ ಹೆಚ್ಚು ತೇವ ಹೊರುತ್ತದೆ, ಖಂಡದ ಒಳಭಾಗದಲ್ಲಿ ಹೆಚ್ಚು ಹಿಮ ಸುರಿಯುತ್ತದೆ. ಅಂಚಿನಲ್ಲಿ ಹೋದದ್ದರ ಒಂದು ಭಾಗ ಅಲ್ಲಿ ಸರಿದೂಗುತ್ತದೆ. ಮಾದರಿಗಳೂ ತಮ್ಮೊಳಗೆ ಒಪ್ಪುವುದಿಲ್ಲ. ಈ ಲೆಕ್ಕದ ಅಸಲು ಸುದ್ದಿ ಮಧ್ಯಾಂಕದಲ್ಲಿಲ್ಲ, 0.03ರಿಂದ 0.34ರವರೆಗೆ ಹರಡಿದ ಅಗಲದಲ್ಲಿದೆ.

ಆ ಅಗಲವೂ ಪೂರ್ತಿ ಕಥೆಯಲ್ಲ. ಅದಕ್ಕೇ ಟೂಲ್‌ನಲ್ಲಿ "ಲೋ ಕಾನ್ಫಿಡೆನ್ಸ್" ಎಂಬ ಹೆಸರಿನ ಇನ್ನೆರಡು ಆಯ್ಕೆಗಳಿವೆ, ಎಸ್‌ಎಸ್‌ಪಿ1-2.6ಕ್ಕೊಂದು, 5-8.5ಕ್ಕೊಂದು. ಹೆಸರು ನೋಡಿ ಇವನ್ನು ಬದಿಗಿಡುವುದು ಸಹಜ, ಆದರೆ ಇಡೀ ಟೂಲ್‌ನಲ್ಲಿ ತಪ್ಪದೆ ಒತ್ತಿ ನೋಡಬೇಕಾದದ್ದು ಇದೇ. ಪಶ್ಚಿಮ ಅಂಟಾರ್ಕ್ಟಿಕಾದ ಬಹುಭಾಗದಲ್ಲಿ ಹಿಮ ಕೂತಿರುವ ಬಂಡೆ ಸಮುದ್ರ ಮಟ್ಟಕ್ಕಿಂತ ಕೆಳಗಿದೆ, ಒಳಕ್ಕೆ ಹೋದಂತೆ ಇನ್ನೂ ಆಳವಾಗುತ್ತದೆ. ಬೆಚ್ಚಗಿನ ನೀರು ಅಡಿಯಿಂದ ಕೊರೆದು ಅಂಚನ್ನು ಹಿಂದಕ್ಕೆ ತಳ್ಳಿದರೆ, ಹೊಸ ಅಂಚಿನಲ್ಲಿ ಹಿಮ ಮತ್ತಷ್ಟು ದಪ್ಪ, ಹೊರಹರಿವು ಮತ್ತಷ್ಟು ಜೋರು. ಥ್ವೈಟ್ಸ್ ಹಿಮನದಿಯ ಬಗ್ಗೆ ಎಲ್ಲರೂ ಮಾತಾಡುವುದು ಇದೇ ಕಾರಣಕ್ಕೆ. ಅದೊಂದರಲ್ಲೇ ಸಮುದ್ರವನ್ನು ಸುಮಾರು 65 ಸೆಂ.ಮೀ. ಏರಿಸುವಷ್ಟು ಹಿಮವಿದೆ. ಮುಂದೆ ಚಾಚಿರುವ ತೇಲುಹಿಮ ಕರಗಿದರೆ ಸಮುದ್ರ ಹೆಚ್ಚುಕಮ್ಮಿ ಏರುವುದಿಲ್ಲ, ಅದು ಆಗಲೇ ನೀರಿನಲ್ಲಿದೆ. ಆದರೆ ಅದು ಹಿಂದಿನ ಹಿಮಕ್ಕೆ ಕೊಟ್ಟ ಆಸರೆ ತಪ್ಪುತ್ತದೆ. ಆಸರೆ ಹೋದಮೇಲೆ ನೂರು ಮೀಟರ್ ಎತ್ತರದ ಹಿಮಗೋಡೆಗಳು ತಮ್ಮ ಭಾರಕ್ಕೇ ಕುಸಿಯುತ್ತಾ ಹೋಗುತ್ತವೆಯೇ ಎಂಬುದರ ಬಗ್ಗೆ ತಜ್ಞರಲ್ಲಿ ಜಗಳವಿದೆ. ಈ ಸಾಧ್ಯತೆಗಳನ್ನೂ ಸೇರಿಸಿದ 5-8.5ರ ಲೆಕ್ಕ 2100ಕ್ಕೆ 0.63ರಿಂದ 1.60 ಮೀಟರ್, 2150ಕ್ಕೆ 0.98ರಿಂದ 4.82 ಮೀಟರ್. ಸೇರಿಸದಿದ್ದರೆ 2150ರ ಮೇಲಿನ ಮಿತಿ 1.88. ಕೆಳಮಿತಿ ಕದಲಲೇ ಇಲ್ಲ, ಮೇಲ್ಮಿತಿ ಎರಡೂವರೆ ಪಟ್ಟಾಯಿತು. ಬಂದರು, ವಿದ್ಯುತ್ ಸ್ಥಾವರ, ತ್ಯಾಜ್ಯನೀರು ಘಟಕದಂಥ ನೂರು ವರ್ಷ ಬಾಳಬೇಕಾದ ಕಟ್ಟಡಕ್ಕೆ ಈ ಗೆರೆ ನೋಡದೆ ಮಟ್ಟ ನಿರ್ಧರಿಸುವುದು ಬೇಜವಾಬ್ದಾರಿ. ಹತ್ತಿಪ್ಪತ್ತು ವರ್ಷದಲ್ಲಿ ಬದಲಾಯಿಸಬಹುದಾದ ರಸ್ತೆಗೆ ಇದು ಬೇಕಿಲ್ಲ.

ಒಂದೇ ಹಿಮ ಎಲ್ಲ ಕಡೆ ಒಂದೇ ಅಳತೆಯಲ್ಲಿ ಏರಿಸುವುದಿಲ್ಲ ಎಂಬುದನ್ನೂ ಟೂಲ್ ಸರಿಯಾಗಿ ಹಿಡಿದಿದೆ. ದೊಡ್ಡ ಹಿಮರಾಶಿ ತನ್ನ ಗುರುತ್ವದಿಂದ ಸುತ್ತಲಿನ ನೀರನ್ನು ತನ್ನತ್ತ ಎಳೆದಿಟ್ಟಿರುತ್ತದೆ; ಅದು ಕರಗಿದಾಗ ಹತ್ತಿರದ ಸಮುದ್ರ ಇಳಿಯುತ್ತದೆ, ದೂರದ್ದು ಸರಾಸರಿಗಿಂತ ಹೆಚ್ಚು ಏರುತ್ತದೆ. ಗ್ರೀನ್‌ಲ್ಯಾಂಡಿನ ಪಾಲು ಉತ್ತರ ಯುರೋಪಿನಲ್ಲಿ ಕಡಿಮೆ, ಉಷ್ಣವಲಯದಲ್ಲಿ ಹೆಚ್ಚು ಕಾಣುವುದು ಇದರಿಂದ.

ಟೂಲ್ ಸೋಲುವುದು ನೆಲದ ಚಲನೆಯಲ್ಲಿ. ಉಬ್ಬರಮಾಪಕಗಳ ಹಳೆಯ ದಾಖಲೆಯಿಂದ ನೆಲ ಏಳುವ ಅಥವಾ ಕುಸಿಯುವ ವೇಗವನ್ನು ಅಂದಾಜಿಸಿ, ಅದೇ ವೇಗ ಮುಂದೆಯೂ ಇರುತ್ತದೆ ಎಂದು ಅದು ಎಳೆಯುತ್ತದೆ. ಹಿಮಯುಗದ ಭಾರ ಇಳಿದು ಇನ್ನೂ ಮೇಲೇಳುತ್ತಿರುವ, ಸ್ವೀಡನ್–ಫಿನ್‌ಲ್ಯಾಂಡ್ ನಡುವಿನ ಬೋತ್ನಿಯಾ ಕೊಲ್ಲಿಯಲ್ಲಿ ಇದು ಚೆನ್ನಾಗಿ ಒಪ್ಪುತ್ತದೆ. ಅಲ್ಲಿ ನೆಲ ವರ್ಷಕ್ಕೆ ಸುಮಾರು 9 ಮಿ.ಮೀ. ಏಳುವುದರಿಂದ ಕೆಲವು ಗ್ರಾಫ್‌ಗಳು ಕೆಳಮುಖವಾಗಿಯೇ ಇವೆ. ಅಂತರ್ಜಲ ಎತ್ತಿ ಕುಸಿಯುವ ನಗರಗಳಲ್ಲಿ ಮಾತ್ರ ಇದು ಕೈಕೊಡುತ್ತದೆ. ಟೋಕಿಯೋದಲ್ಲಿ ಕೊಳವೆಬಾವಿಗಳಿಗೆ ಕಡಿವಾಣ ಬಿದ್ದಮೇಲೆ ಕುಸಿತ ಬಹುಪಾಲು ನಿಂತಿತು. ವೆನಿಸ್‌ನಲ್ಲೂ ಪಂಪಿಂಗ್ ನಿಲ್ಲಿಸಿದ ಮೇಲೆ ಕುಸಿತ ತಗ್ಗಿತು. ಹೊಸದಾಗಿ ಪಂಪ್ ಶುರುವಾದ ಕಡೆ ಇದರ ತಿರುಗುಮುರುಗು. ಹಳೆಯ ವೇಗ ಮುಂದಕ್ಕೆ ಎಳೆದರೆ ಎರಡೂ ಕಡೆ ತಪ್ಪು. ಮಾಪಕದಿಂದ ದೂರದ ಚೌಕಗಳಲ್ಲಿ ಈ ಪಾಲನ್ನು ನಂಬದಿರುವುದೇ ಲೇಸು.

ಬಿರುಗಾಳಿ ಅಲೆ, ಹುಣ್ಣಿಮೆಯ ಉಬ್ಬರ ಇದರಲ್ಲಿ ಇಲ್ಲ. ಟೂಲ್ ಕೊಡುವುದು ಸರಾಸರಿ ಮಟ್ಟ ಮಾತ್ರ. ನೂರು ವರ್ಷಕ್ಕೊಮ್ಮೆ ಬರುತ್ತಿದ್ದ ನೀರಿನ ಮಟ್ಟ 2100ರ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಮಾಪಕಗಳಲ್ಲಿ ಪ್ರತಿವರ್ಷ ಬರಬಹುದು ಎಂದು ಅದೇ ಐಪಿಸಿಸಿ ವರದಿ ಹೇಳುತ್ತದೆ, ಆದರೆ ಆ ಲೆಕ್ಕಕ್ಕೆ ಸ್ಥಳೀಯ ಉಬ್ಬರದ ದಾಖಲೆಯನ್ನು ಬೇರೆಯಾಗಿ ತರಬೇಕು.

ಇನ್ನು ಕ್ಲೈಮೇಟ್ ಸೆಂಟ್ರಲ್ ನಕ್ಷೆ. ಚೆಂದ, ವೇಗ, ಇಡೀ ಪ್ರಪಂಚಕ್ಕಿದೆ. ವರ್ಷ, ಸನ್ನಿವೇಶ, ನೆರೆಯ ಬಗೆ, ಯಾವ ಅಧ್ಯಯನದ ಏರಿಕೆ ಎಂಬುದನ್ನೆಲ್ಲ ಬದಲಿಸಬಹುದು. ತೊಂದರೆ ಅಲ್ಲೇ: ಹಂಚಿಕೊಂಡ ಚಿತ್ರದಲ್ಲಿ ಈ ಆಯ್ಕೆಗಳು ಕಾಣುವುದಿಲ್ಲ, ನೀಲಿಯೊಂದೇ ಕಾಣುತ್ತದೆ. "ವಾರ್ಷಿಕ ನೆರೆ ಮಟ್ಟಕ್ಕಿಂತ ಕೆಳಗಿನ ನೆಲ" ಎಂಬ ಆಯ್ಕೆ ಇದ್ದರೆ ನೀಲಿಯಾದದ್ದು ಶಾಶ್ವತವಾಗಿ ಮುಳುಗುವ ಜಾಗವಲ್ಲ, ವರ್ಷಕ್ಕೊಮ್ಮೆ ನೀರು ಮುಟ್ಟಬಹುದಾದ ಜಾಗ. ಯಾರಾದರೂ ಚಿತ್ರ ಕಳಿಸಿದರೆ ಕೊಂಡಿ ಕೇಳಿ. ಎಲ್ಲ ಆಯ್ಕೆಗಳೂ ಆ ವಿಳಾಸದಲ್ಲೇ ಬರೆದಿರುತ್ತವೆ.

ನೆಲದ ಎತ್ತರದ ಅಳತೆಯೇ ಈ ನಕ್ಷೆಯ ಶಕ್ತಿ ಮತ್ತು ಮಿತಿ. 2000ನೇ ಇಸವಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ರೇಡಾರ್ ಹಾಯಿಸಿ ಮಾಡಿದ ಎಸ್‌ಆರ್‌ಟಿಎಂ ಅಳತೆ ಮರದ ತುದಿ, ತಾರಸಿಗಳನ್ನೇ ನೆಲವೆಂದು ಓದಿ ಕರಾವಳಿಯನ್ನು ಸರಾಸರಿ ಎರಡು ಮೀಟರಿನಷ್ಟು ಎತ್ತರಿಸಿಬಿಟ್ಟಿತ್ತು. ಕ್ಲೈಮೇಟ್ ಸೆಂಟ್ರಲ್‌ನವರ ಕೋಸ್ಟಲ್‌ಡೆಮ್ ಎಂಬ ಎತ್ತರದ ನಕ್ಷೆ ಅದನ್ನು ತಿದ್ದಿತು. ಅಪಾಯದಲ್ಲಿರುವ ಜನರ ಅಂದಾಜು 2019ರಲ್ಲಿ ಮೂರು ಪಟ್ಟಾದದ್ದು ಈ ತಿದ್ದುಪಡಿಯಿಂದ. ಸರಾಸರಿ ತಪ್ಪು ಬಹಳ ತಗ್ಗಿದೆ, ಆದರೆ ಒಂದೊಂದು ಜಾಗದಲ್ಲಿ ಈಗಲೂ ಒಂದೆರಡು ಮೀಟರ್ ಹೆಚ್ಚುಕಮ್ಮಿ ಆಗಬಹುದು. ಅರ್ಧ ಮೀಟರ್ ಏರಿಕೆಗೆ ಈ ರಸ್ತೆ ಮುಳುಗುತ್ತದೆ, ಆ ರಸ್ತೆ ಉಳಿಯುತ್ತದೆ ಎಂದು ಅದರಿಂದ ಹೇಳಲಾಗದು. ಮೇಲಾಗಿ ಇದು ತೊಟ್ಟಿಗೆ ನೀರು ತುಂಬಿಸುವ ಲೆಕ್ಕ: ನೀರು ಒಳನುಗ್ಗಲು ಹಿಡಿಯುವ ಸಮಯ, ತೀರದ ಕೊರೆತ, ಹೂಳು ಯಾವುದೂ ಇಲ್ಲ. ಒಡ್ಡುಗಳ ಹಿಂದೆ ಒಣಗಿ ಕೂತಿರುವ ನೆದರ್‌ಲ್ಯಾಂಡ್ಸ್ ಕೂಡ ನೀಲಿಯಾಗುತ್ತದೆ.

ನೋವಾ ವ್ಯೂವರ್ ಅಮೆರಿಕಕ್ಕೆ ಮಾತ್ರ. ಒಂದೊಂದೇ ಅಡಿಯಂತೆ ಹತ್ತು ಅಡಿವರೆಗೆ ಏರಿಸಿ ನೋಡಬಹುದು, ಎತ್ತರ ಲೇಸರ್‌ನಿಂದ ಅಳೆದದ್ದು. ಗೆರೆಯ ಆಚೀಚೆ ಎಲ್ಲಿ ಖಚಿತ, ಎಲ್ಲಿ ಅನುಮಾನ ಎಂದು ಬೇರೆ ಬಣ್ಣದಲ್ಲಿ ತೋರಿಸುವ ಪದರ ಅದರಲ್ಲಿದೆ. ಕ್ಲೈಮೇಟ್ ಸೆಂಟ್ರಲ್ ಇದೊಂದನ್ನು ಎರವಲು ಪಡೆದರೆ ಸಾಕು, ಅರ್ಧ ಗಲಾಟೆ ಕಡಿಮೆಯಾಗುತ್ತದೆ.

ಅಂಕ ಕೊಡಬೇಕೆಂದರೆ ನಾಸಾ ಟೂಲ್‌ಗೆ ಐದಕ್ಕೆ ನಾಲ್ಕೂವರೆ, ಕ್ಲೈಮೇಟ್ ಸೆಂಟ್ರಲ್‌ಗೆ ಮೂರು. ಕೆಲಸದ ಕ್ರಮ ಇಷ್ಟು: ಮೊದಲು ನಕ್ಷೆಯಲ್ಲಿ ತಗ್ಗು ಪ್ರದೇಶ ಯಾವುದೆಂದು ಕಣ್ಣಾಡಿಸಿ, ಆಮೇಲೆ ನಾಸಾ ಟೂಲ್‌ನಲ್ಲಿ ಹತ್ತಿರದ ಮಾಪಕ ಆರಿಸಿ ಮಧ್ಯಾಂಕ, ಎರಡೂ ಮಿತಿ, ಲೋ ಕಾನ್ಫಿಡೆನ್ಸ್ ಮೇಲ್ಮಿತಿ ಬರೆದುಕೊಳ್ಳಿ, ಸೊನ್ನೆಯ ಗೆರೆ ತಿದ್ದಿ, ಸ್ಥಳೀಯ ಸರ್ವೆಯ ಎತ್ತರಕ್ಕೆ ಹೋಲಿಸಿ.

ಪರದೆಯ ಗ್ರಾಫ್ ಸಾಲದವರಿಗೆ ಪೂರ್ತಿ ದತ್ತಾಂಶ ಝೆನೋಡೋ ಎಂಬ ದತ್ತಾಂಶ ಸಂಗ್ರಹ ತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಗ್ರಾಫ್ ಮೀಟರಿನಲ್ಲಿದ್ದರೆ ಆ ನೆಟ್‌ಸಿಡಿಎಫ್ ಕಡತಗಳ ಅಂಕಿ ಮಿ.ಮೀ.ನಲ್ಲಿರುತ್ತದೆ, ಎಚ್ಚರ. ಅಲ್ಲೇ ನೆಲದ ಚಲನೆಯನ್ನು ತೆಗೆದುಹಾಕಿದ ಇನ್ನೊಂದು ಕಂತೆಯೂ ಇದೆ. ಕುಸಿಯುವ ನಗರಕ್ಕೆ ಲೆಕ್ಕ ಹಾಕುವವರು ಅದನ್ನೇ ಇಳಿಸಿಕೊಂಡು, ಜಿಪಿಎಸ್ ಅಥವಾ ಉಪಗ್ರಹ ರೇಡಾರಿನಿಂದ ಅಳೆದ ಸ್ಥಳೀಯ ಕುಸಿತದ ವೇಗವನ್ನು ತಾವೇ ಸೇರಿಸಬೇಕು.